ತವನಿಧಿ ಯಾರ ಮನೆಗೆ?

ಮುದನೂರಿನ ದೇವರ ದಾಸಿಮಯ್ಯನ ಕಥೆಯನ್ನು ಕೇಳದ ಮನೆಯು ಈ ಸೀಮೆಯಲ್ಲಿ ವಿರಳ. ನೇಯ್ಗೆಯನ್ನೇ ಕಾಯಕವಾಗಿ ನಡೆಸುತ್ತಿದ್ದ ಆ ಶರಣನು ಬಹುದಿನ ಶ್ರಮಪಟ್ಟು ಒಂದು ದಿವ್ಯ ವಸ್ತ್ರವನ್ನು ನೇಯ್ದು ಸಂತೆಗೆ ಒಯ್ದನಂತೆ. ಅದಕ್ಕೆ ತಕ್ಕ ಬೆಲೆಯನ್ನು ಕೊಡಬಲ್ಲವರು ಅಲ್ಲಿ ಸಿಗಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮುಪ್ಪಿನ ಜಂಗಮನೊಬ್ಬನು ಎದುರಾಗಿ ವಸ್ತ್ರವನ್ನು ಬೇಡಿದನು. ದಾಸಿಮಯ್ಯನು ಹಿಂದುಮುಂದು ನೋಡದೆ ಕೊಟ್ಟುಬಿಟ್ಟನು. ಜಂಗಮನು ಕಣ್ಣೆದುರಿಗೇ ಅದನ್ನು ಹರಿದು ಚೂರುಮಾಡಿದರೂ ಶರಣನ ಮುಖವು ಬಾಡಲಿಲ್ಲ. ಆಗ ಜಂಗಮವೇಷದಲ್ಲಿ ಬಂದಿದ್ದ ಶಿವನು ಮೆಚ್ಚಿ, ಎಷ್ಟು ತೆಗೆದರೂ ಬರಿದಾಗದ ತವನಿಧಿಯನ್ನು ಅವನಿಗೆ ಅನುಗ್ರಹಿಸಿದನೆಂದು ಪುರಾಣವು ಹೇಳುವುದು.

ಇದನ್ನು ಭಕ್ತಿಯ ಮಹಿಮೆಯೆಂದು ಕೇಳಿ ತಲೆದೂಗುವವರೇ ಹೆಚ್ಚು. ಆದರೆ ಕಥೆಯೊಳಗೆ ಒಂದು ನ್ಯಾಯವೂ ಅಡಗಿದೆ. ವಸ್ತ್ರವನ್ನು ಕಳೆದುಕೊಂಡವನು ಯಾರೋ, ತವನಿಧಿಯನ್ನು ಪಡೆದವನೂ ಅವನೇ. ಹರಿದುಹೋದದ್ದು ಒಬ್ಬನ ದುಡಿಮೆ, ತುಂಬಿಬಂದದ್ದು ಮತ್ತೊಬ್ಬನ ಕಣಜ ಎಂದಾಗಿದ್ದರೆ ಅದನ್ನು ಯಾರೂ ಶಿವಲೀಲೆ ಎನ್ನುತ್ತಿರಲಿಲ್ಲ.

ಯಂತ್ರವೆಂಬುದು ಈ ಕಾಲದ ತವನಿಧಿ. ಮನೆಮಂದಿಯೆಲ್ಲ ಬೆಳಗಿನಿಂದ ಬೈಗಿನವರೆಗೆ ದುಡಿದರೂ ಕೆಲವು ಮೊಳ ಮಾತ್ರ ಏಳುವ ಬಟ್ಟೆಯು ಅದರಿಂದ ಹೊಳೆಯಂತೆ ಹರಿದುಬರುವುದು. ಆದರೆ ಈ ನಿಧಿಯು ಆಕಾಶದಿಂದ ಇಳಿದದ್ದಲ್ಲ. ಹಾಸನ್ನು ಎಷ್ಟು ಬಿಗಿಯಬೇಕು, ನೂಲಿಗೆ ಎಂಥ ಗಂಜಿಯನ್ನು ಕೊಡಬೇಕು, ಎಳೆಗಳನ್ನು ಹೇಗೆ ಮೇಲೆಕೆಳಗೆ ಬಿಡಿಸಿ ಲಾಳಿಯನ್ನು ತೂರಬೇಕು, ಹೊಕ್ಕನ್ನು ಎಷ್ಟು ಬಲವಾಗಿ ಹೊಡೆದು ಕೂರಿಸಬೇಕು, ಇದಿಷ್ಟನ್ನೂ ಹೆಸರುಳಿಯದ ನೇಕಾರರು ತಲೆತಲಾಂತರದಿಂದ ಕಂಡುಕೊಂಡಿದ್ದರು. ಯಂತ್ರವನ್ನು ಕಟ್ಟಿದ ಜಾಣರು ಆ ಕೈಯ ಚಲನೆಯನ್ನೇ ಕಬ್ಬಿಣಕ್ಕೆ ಕಲಿಸಿದರು. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತನು 1804ರಲ್ಲಿ ಒಂದು ಸಾಧನವನ್ನು ರೂಪಿಸಿದನು. ಯಾವ ಹೂವಿಗೆ ಯಾವ ಎಳೆ ಏಳಬೇಕೆಂಬ ಲೆಕ್ಕವನ್ನು ಅದು ತೂತುಬಿದ್ದ ರಟ್ಟಿನ ಹಾಳೆಗಳಿಂದ ತಿಳಿಯುತ್ತಿತ್ತು. ಅದುವರೆಗೆ ಆ ಲೆಕ್ಕವು ನೇಕಾರನ ತಲೆಯಲ್ಲಿಯೂ ಅವನ ಜೊತೆಗಾರನ ಬೆರಳುಗಳಲ್ಲಿಯೂ ಇತ್ತು. ಸೊಲ್ಲಾಪುರದ ಚಾದರದ ಮೇಲೆ ಅರಳುವ ಹೂಬಳ್ಳಿಗಳೂ ನವಿಲುಗರಿಗಳೂ ಇದೇ ಜಕಾರ್ಡಿನ ಫಲ. ಹೀಗೆ ನೇಕಾರನು ತನ್ನ ವಿದ್ಯೆಯೆಂಬ ವಸ್ತ್ರವನ್ನು ಬಿಚ್ಚಿಕೊಟ್ಟನು. ತವನಿಧಿಯಾದರೋ ಬೇರೊಂದು ಮನೆಯ ಬಾಗಿಲನ್ನು ಹೊಕ್ಕಿತು.

ಈ ಅನ್ಯಾಯವು ಮೊದಲು ತೋರಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯ ನಡೆವಳಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. 1733ರಲ್ಲಿ ಜಾನ್ ಕೇ ಎಂಬಾತನು ಹಗ್ಗವನ್ನೆಳೆದರೆ ತಾನೇ ಓಡುವ ಲಾಳಿಯನ್ನು ಮಾಡಿದನು. ಮಗ್ಗದ ವೇಗವು ಹೆಚ್ಚಿತು, ನೂಲು ಸಾಲದಾಯಿತು. ಆಮೇಲೆ ನೂಲುವ ಯಂತ್ರಗಳು ಬಂದು ನೂಲು ರಾಶಿರಾಶಿಯಾಗಿ ಬೀಳತೊಡಗಿತು. ಅದನ್ನೆಲ್ಲ ನೇಯಲು ಕೈಗಳೇ ಬೇಕಾಗಿದ್ದುದರಿಂದ ಕೈಮಗ್ಗದವರಿಗೆ ಸುಗ್ಗಿಯೇ ಬಂದಿತು. ಬೋಲ್ಟನ್ ಎಂಬ ಊರಿನಲ್ಲಿ 1795ರಲ್ಲಿ ನೇಕಾರನ ವಾರದ ಗಳಿಕೆಯು 33 ಶಿಲಿಂಗುಗಳಷ್ಟಿತ್ತು. ಯಂತ್ರವು ತಮ್ಮನ್ನು ಉದ್ಧರಿಸಿತೆಂದು ಅವರು ಆಗ ನಂಬಿದ್ದರೆ ತಪ್ಪೇನು? ಆದರೆ ಕಾರ್ಟ್‌ರೈಟ್ ಎಂಬ ಪಾದ್ರಿಯು 1785ರಲ್ಲಿಯೇ ಯಂತ್ರದ ಮಗ್ಗವನ್ನು ಹೂಡಿದ್ದನು. ಅದು ತಿದ್ದಿ ತಿದ್ದಿ ನೆಟ್ಟಗಾಗುವುದಕ್ಕೆ ಕೆಲವು ದಶಕಗಳು ಹಿಡಿದವು, ಅಷ್ಟೆ. 1815ರಲ್ಲಿ ಅದೇ ಬೋಲ್ಟನ್ನಿನ ಗಳಿಕೆ 14 ಶಿಲಿಂಗಿಗೆ ಇಳಿಯಿತು. 1830ರ ಆಸುಪಾಸಿನಲ್ಲಿ ಐದೂವರೆ ಶಿಲಿಂಗಿಗೆ ಬಂದು ನಿಂತಿತು. ಈ ನಡುವೆ, 1811ರಿಂದ ಮುಂದೆ, ನಾಟಿಂಗ್‌ಹ್ಯಾಮ್ ಸೀಮೆಯ ಕಸುಬುದಾರರು ರಾತ್ರಿಯ ಹೊತ್ತು ಯಂತ್ರಗಳನ್ನು ಸುತ್ತಿಗೆಯಿಂದ ಒಡೆದರು. ಅಲ್ಲಿಯ ಸರಕಾರವು 1812ರಲ್ಲಿ ಯಂತ್ರವನ್ನು ಒಡೆದವನಿಗೆ ಮರಣದಂಡನೆಯೆಂದು ಕಾಯಿದೆಮಾಡಿತು. ಕವಿ ಬೈರನ್ನನು ಅದನ್ನು ವಿರೋಧಿಸಿ ಪ್ರಭುಸಭೆಯಲ್ಲಿ ಎದ್ದುನಿಂತು ಮಾತನಾಡಿದನು, ಫಲವಾಗಲಿಲ್ಲ. ಕೊನೆಗೆ ಕೈಮಗ್ಗದವರ ದುಃಸ್ಥಿತಿಯನ್ನು ವಿಚಾರಿಸಲು ಆಯೋಗವೊಂದು ಕುಳಿತು 1841ರಲ್ಲಿ ವರದಿಯನ್ನಿತ್ತಿತು. ನೇಕಾರರು ಈ ಕಸುಬನ್ನು ಬಿಟ್ಟು ಓಡಲಿ, ಮಕ್ಕಳನ್ನು ಇದಕ್ಕೆ ತರದಿರಲಿ ಎಂಬುದೇ ಅದರ ತಾತ್ಪರ್ಯ. ಎಲ್ಲಿಗೆ ಓಡಬೇಕೆಂಬುದನ್ನು ಓಡುವವನೇ ಕಂಡುಕೊಳ್ಳಬೇಕಾಯಿತು.

ಸಮುದ್ರದಾಚೆಯ ಈ ಸಂಗತಿಯು ಸೊಲ್ಲಾಪುರ, ಅಕ್ಕಲಕೋಟೆಗಳ ಜನರಿಗೆ ಪರಕೀಯವಲ್ಲ. ಸೊಲ್ಲಾಪುರವು ಮಗ್ಗದ ಊರು. ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿಗಳು ಮನೆಯಲ್ಲಿ ತೆಲುಗನ್ನಾಡಿ, ಪೇಟೆಯಲ್ಲಿ ಮರಾಠಿಯಲ್ಲಿ ಲೆಕ್ಕಹಾಕಿ, ಸುತ್ತಣ ಹಳ್ಳಿಗಳ ಕನ್ನಡಿಗರಿಗೆ ಬಟ್ಟೆಯನ್ನು ಮಾರಿದರು. ಮೂರು ಭಾಷೆಗಳೂ ಅಲ್ಲಿ ಹಾಸುಹೊಕ್ಕಾಗಿ ಬೆಳೆದವು. 1877ರಲ್ಲಿ ಅಲ್ಲಿ ಮೊದಲ ಹತ್ತಿಯ ಗಿರಣಿಯು ಏರ್ಪಟ್ಟಿತು. ಮುಂದೆ ಅದಕ್ಕೆ ‘ಜುನೀ ಗಿರಣಿ’ ಎಂಬ ಹೆಸರು ನಿಂತಿತು. ಅದರ ಹಿಂದೆ ಬೇರೆ ಗಿರಣಿಗಳೂ ಬಂದವು. ಹಳ್ಳಿಯ ಎಷ್ಟೋ ಮಂದಿ ಭೋಂಗಾದ ಕೂಗಿಗೆ ಎದ್ದು, ಭೋಂಗಾದ ಕೂಗಿಗೆ ಉಂಡು ಬದುಕಿದರು.

ಆ ದಿನಗಳ ಒಂದು ಪ್ರಸಂಗವು ಈ ಪ್ರಶ್ನೆಯ ಮರ್ಮವನ್ನು ತೆರೆದು ತೋರಿಸುವಂತಿದೆ. 1896-97ರ ಬರದಲ್ಲಿ ಬಟ್ಟೆಯನ್ನು ಕೊಳ್ಳುವವರಿಲ್ಲದೆ ನೇಕಾರರು ಹಸಿವಿಗೆ ಸಿಕ್ಕಿದರು. ಸರಕಾರದ ಬರಗಾಲದ ಕಾಮಗಾರಿಯೆಂದರೆ ಬಹುಮಟ್ಟಿಗೆ ರಸ್ತೆಗೆ ಜಲ್ಲಿಯನ್ನು ಒಡೆಯುವುದು. ಲೋಕಮಾನ್ಯ ತಿಲಕರು ಸೊಲ್ಲಾಪುರಕ್ಕೂ ಆಗಿನ ಅಹಮದನಗರಕ್ಕೂ ತಾವೇ ಹೋಗಿ, ಊರ ಮುಖಂಡರೊಡನೆ ಕೂಡಿ, ನೇಕಾರರಿಗೆ ತಕ್ಕ ನೆರವನ್ನು ಕೊಡಲು ಸ್ಥಳೀಯ ಸಮಿತಿಗಳು ಸರಕಾರದೊಡನೆ ಸಹಕರಿಸುವಂಥ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಮುಂಬಯಿ ಸರಕಾರವು ಒಪ್ಪಲಿಲ್ಲ. ನೇಕಾರನ ಬಂಡವಾಳವೆಂದರೆ ಅವನ ಬೆರಳ ತುದಿ. ಕತ್ತಲೆಯಲ್ಲಿಯೂ ಹರಿದ ಎಳೆಯನ್ನು ಮುಟ್ಟಿ ಗುರುತಿಸಬಲ್ಲ ಬೆರಳು ಅದು. ಮೂರು ತಿಂಗಳು ಸುತ್ತಿಗೆಯನ್ನು ಹಿಡಿದು ಕಲ್ಲೊಡೆದರೆ ಆ ತುದಿಯು ಜಡ್ಡುಗಟ್ಟುವುದು. ಬರ ಮುಗಿದ ಮೇಲೆ ಹೊಟ್ಟೆಯು ಉಳಿದಿರುವುದು, ಕಸುಬು ಉಳಿದಿರದು. ಕೂಲಿಗೆ ಕೂಲಿ ಸಿಕ್ಕಿತಲ್ಲ ಎನ್ನುವವರಿಗೆ ಈ ನಷ್ಟವು ಕಾಣುವುದಿಲ್ಲ. ಇದನ್ನು ಬರೆದಿಡುವ ಕಲಮು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಸ್ವಾತಂತ್ರ್ಯಾನಂತರ ವಿದ್ಯುತ್ ಮಗ್ಗಗಳು ಓಣಿಓಣಿಗೂ ನುಗ್ಗಿದವು. ಕೈಮಗ್ಗವನ್ನು ಬಿಟ್ಟವರು ಗಿರಣಿಯನ್ನೋ ‘ಪಾವರ್‌ಲೂಮ’ನ್ನೋ ಸೇರಿದರು. ವಿಚಿತ್ರವೆಂದರೆ, ಕೈಮಗ್ಗವನ್ನು ನುಂಗಿದ ದೊಡ್ಡ ಗಿರಣಿಗಳೂ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನವು ಮುಗಿಯುವಷ್ಟರಲ್ಲಿ ಅವುಗಳಲ್ಲಿ ಬಹುಪಾಲು ಬಾಗಿಲನ್ನು ಹಾಕಿದವು. ಭೋಂಗಾದ ಕೂಗು ಅಡಗಿತು. ಈಗ ಓಣಿಯ ಹಳೆಯ ವಿದ್ಯುತ್ ಮಗ್ಗದವನು ಲಾಳಿಯೇ ಇಲ್ಲದ ಹೊಸ ಮಗ್ಗವನ್ನೂ, ಪಾಣಿಪತ್ತಿನಿಂದ ಬರುವ ಅಗ್ಗದ ಚಾದರವನ್ನೂ ನೋಡಿ ನಿಟ್ಟುಸಿರುಬಿಡುತ್ತಾನೆ. ಮನೆಯ ಹೆಂಗಸರು ಬೀಡಿಯನ್ನು ಕಟ್ಟಿ ಒಲೆಯನ್ನು ಉರಿಸಿದ ಮನೆಗಳು ಸಾವಿರಾರು.

ಇಂಥಲ್ಲಿ ಎರಡು ಸುಲಭದ ಉತ್ತರಗಳು ಕೇಳಿಬರುವುವು. ಯಂತ್ರವು ರಾಕ್ಷಸ, ಅದನ್ನು ದೂರವಿಡಬೇಕೆಂಬುದು ಒಂದು. ಇದೆಲ್ಲ ಕಾಲಧರ್ಮ, ಹಣ್ಣೆಲೆ ಉದುರಿದರೇ ಚಿಗುರಿಗೆ ಎಡೆಯೆಂಬುದು ಮತ್ತೊಂದು.

ಮೊದಲನೆಯದನ್ನು ನಂಬುವವರು ತಮ್ಮ ಅಜ್ಜಂದಿರ ಉಡುಪನ್ನು ನೆನೆಯಬೇಕು. ಒಂದೇ ಧೋತರವನ್ನು ಒಗೆದು, ಒಣಗುವವರೆಗೆ ಲಂಗೋಟಿಯಲ್ಲಿ ಕಾಯುತ್ತಿದ್ದ ಆಳುಮಗನಿಗೆ ಎರಡನೆಯ ಧೋತರವನ್ನು ಉಡಿಸಿದ್ದು ಯಂತ್ರ. ಮಾಗಿಯ ಚಳಿಯಲ್ಲಿ ಹಸುಗೂಸಿನ ಮೇಲೆ ಹೊದಿಕೆಯನ್ನು ಹಾಸಿದ್ದು ಯಂತ್ರ. ಕೈಮಗ್ಗದ ಬಾಳನ್ನಾದರೂ ಹೊಗಳಿ ಹಾಡಬೇಕಾಗಿಲ್ಲ. ತೇವದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವೆಲ್ಲ ಬಾಗಿ ಕುಳಿತವನ ಬೆನ್ನು ನಡುವಯಸ್ಸಿಗೇ ಗೂನಾಗುತ್ತಿತ್ತು. ಅವನ ಹೆಂಡತಿಯೂ ತಾಯಿಯೂ ಕೋಳಿ ಕೂಗುವ ಮೊದಲೇ ಎದ್ದು ಕಂಡಿಕೆಗಳನ್ನು ಸುತ್ತುತ್ತಿದ್ದರು. ಆ ದುಡಿಮೆಗೆ ಬೇರೆ ಕೂಲಿಯೇ ಇರಲಿಲ್ಲ. ಮಗನು ಶಾಲೆಯನ್ನು ಬಿಟ್ಟು ಲಾಳಿಯನ್ನು ಹಿಡಿಯುತ್ತಿದ್ದನು, ಅವನಿಗೆ ಬೇರೆ ದಾರಿಯನ್ನು ಯಾರೂ ತೋರಿಸುತ್ತಿರಲಿಲ್ಲ. ಅಂಥ ಮಗನು ಇಂದು ಪುಣೆಗೆ ಹೋಗಿ ಬೇರೆ ಉದ್ಯೋಗವನ್ನು ಹಿಡಿದರೆ, ಕುಲಕಸುಬನ್ನು ಬಿಟ್ಟನೆಂದು ಅವನನ್ನು ಹಳಿಯುವ ಅಧಿಕಾರವು ಯಾರಿಗಿದೆ?

ಎರಡನೆಯ ಉತ್ತರದ ದೋಷವು ಇನ್ನೂ ಸೂಕ್ಷ್ಮವಾದುದು. ಕಾಲಧರ್ಮವೆಂಬ ಮಾತನ್ನು ನಷ್ಟಪಟ್ಟವನೇ ಆಡಿಕೊಂಡರೆ ಅದು ಸಮಾಧಾನ. ಲಾಭವನ್ನು ಪಡೆದವನು ಆಡಿದರೆ ಅದು ಜಾರಿಕೆ. ಮಳೆ ಬಾರದಿರುವುದನ್ನು ಕಾಲಧರ್ಮವೆನ್ನಬಹುದು. ಯಾರು ಯಂತ್ರವನ್ನು ತರಬೇಕು, ಅದರ ಗಳಿಕೆಯು ಯಾರ ಪೆಟ್ಟಿಗೆಗೆ ಸೇರಬೇಕು, ಕೈಬಿಟ್ಟವನಿಗೆ ಏನು ಕೊಡಬೇಕು ಎಂಬುದನ್ನೆಲ್ಲ ಮನುಷ್ಯರು ಕುಳಿತು ತೀರ್ಮಾನಿಸಿದರು. ತಾವು ತೀರ್ಮಾನಿಸಿದ್ದನ್ನು ಕಾಲದ ತಲೆಗೆ ಕಟ್ಟುವುದು ಧರ್ಮವಲ್ಲ.

ಹಾಗಾದರೆ ಧರ್ಮವಾವುದು? ಈ ನೆಲದ ಸಿದ್ಧರಾಮೇಶ್ವರರ ಚರಿತ್ರೆಯೇ ಇಲ್ಲಿ ಕೈಹಿಡಿದು ನಡೆಸಬಲ್ಲುದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಅವರು ಕೆರೆಯನ್ನು ಕಟ್ಟಿಸಿದರು, ಗುಡಿಗಳನ್ನು ಎತ್ತಿಸಿದರು. ಸಾವಿರ ಕೈಗಳು ಗುದ್ದಲಿಯನ್ನು ಹಿಡಿದು ಮಣ್ಣನ್ನು ಹೊತ್ತವು. ಆ ಕಾಲದಲ್ಲಿ ಮಣ್ಣನ್ನು ಅಗೆಯುವ ಯಂತ್ರವಿದ್ದಿದ್ದರೆ ಸಿದ್ಧರಾಮರು ಅದನ್ನು ಬೇಡವೆನ್ನುತ್ತಿದ್ದರೇ? ಎನ್ನುತ್ತಿರಲಿಲ್ಲವೆಂದೇ ತೋರುವುದು. ಕೆರೆಯ ಉದ್ದೇಶವು ಬೆವರಲ್ಲ, ನೀರು. ದನಕರುಗಳ ಬಾಯಾರಿಕೆಯು ಯಾವ ಕೈ ಅಗೆಯಿತೆಂದು ಕೇಳುವುದಿಲ್ಲ. ಆದುದರಿಂದ ಕಷ್ಟವಿದ್ದರೇ ಕಾಯಕ, ಯಂತ್ರವು ಮುಟ್ಟಿದರೆ ಮೈಲಿಗೆಯೆಂಬ ಎಣಿಕೆಗೆ ಶರಣಧರ್ಮದಲ್ಲಿ ಆಧಾರವಿಲ್ಲ. ಆದರೆ ಶರಣರು ಕಾಯಕವನ್ನು ಒಂಟಿಯಾಗಿ ಹೇಳಲಿಲ್ಲ. ಅದರ ಜೋಡಿಯಾಗಿ ದಾಸೋಹವನ್ನು ಇಟ್ಟರು. ದುಡಿದದ್ದು ಹಂಚಿಹೋಗಬೇಕು. ಇಲ್ಲಿಯೇ ಈ ಕಾಲದ ತೊಡಕು ಇರುವುದು. ಕಾಯಕದ ಭಾರವನ್ನು ಯಂತ್ರಕ್ಕೆ ಹೊರಿಸಬಹುದು. ದಾಸೋಹವನ್ನು ಯಂತ್ರಕ್ಕೆ ಹೊರಿಸಲಾಗದು. ಅದನ್ನು ಯಂತ್ರದ ಒಡೆಯನೂ, ಅದರ ಬಟ್ಟೆಯನ್ನುಟ್ಟು ಸುಖಪಟ್ಟವರೂ ತಾವೇ ಮಾಡಬೇಕು. ಮಾಡದೆ ಬಿಟ್ಟರೆ, ನೂರು ಮಗ್ಗಗಳ ಕಾಯಕವು ಒಂದು ಮನೆಯಲ್ಲಿ ನಡೆಯುವುದು, ದಾಸೋಹವು ಯಾವ ಮನೆಯಲ್ಲಿಯೂ ನಡೆಯದು.

ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಮನುಷ್ಯನು ಹುಟ್ಟುವನೆಂದು ಹಿರಿಯರು ಹೇಳಿರುವರು. ಋಷಿಋಣವೆಂದರೆ ವಿದ್ಯೆಯ ಋಣ. ವಿದ್ಯೆಯೆಂದೊಡನೆ ಓಲೆಗರಿಯನ್ನು ನೆನೆಯುವುದು ವಾಡಿಕೆಯಾಗಿದೆ. ಹತ್ತಿಯ ಎಳೆಗೆ ಗಂಜಿಯ ಹದವನ್ನು ಕಂಡುಹಿಡಿದವನೂ, ನೂಲಿಗೆ ನೀಲಿಯನ್ನು ಕುಡಿಸುವ ಬಗೆಯನ್ನು ಕಂಡುಕೊಂಡವಳೂ ಋಷಿಗಳಲ್ಲವೇ? ಅಗ್ಗದ ಬಟ್ಟೆಯನ್ನು ಉಟ್ಟ ಪ್ರತಿಯೊಬ್ಬನೂ ಆ ಋಷಿಕುಲಕ್ಕೆ ಸಾಲಗಾರನು. ಸಾಲವನ್ನು ದಯೆಯಿಂದ ತೀರಿಸಲಾಗದೆಂಬುದನ್ನು ಮರೆಯಬಾರದು. ವರುಷಕ್ಕೊಂದು ದಿನ ಕೈಮಗ್ಗದ ರುಮಾಲನ್ನು ಕೊಂಡು ಉಪಕಾರಮಾಡಿದೆನೆಂದು ಬೀಗುವವನು ಬಡ್ಡಿಯ ಒಂದು ಕಾಸನ್ನು ಕೊಟ್ಟು ಅಸಲು ತೀರಿತೆನ್ನುವವನಂತೆ.

ಇಂಥ ಮಾತುಗಳು ಗುಡಿಯ ಹೊಸಿಲಿನ ಹೊರಗಿನವು ಎಂದು ಯಾರಿಗಾದರೂ ತೋರಬಹುದು. ಹಾಗಲ್ಲ. ಜೀರ್ಣವಾದ ಗುಡಿಯನ್ನು ಎತ್ತಿಕಟ್ಟುವಾಗ ಇದೇ ಪ್ರಶ್ನೆಯು ಕಲ್ಲಿನ ರೂಪದಲ್ಲಿ ಬಂದು ನಿಲ್ಲುವುದು. ಇಂದಿನ ಶಿಲ್ಪಿಯು ಒರಟು ಕಲ್ಲನ್ನು ಯಂತ್ರದ ಗರಗಸದಿಂದ ಸೀಳುತ್ತಾನೆ. ಅದರಿಂದ ಅವನ ತೋಳಿಗೆ ವಿಶ್ರಾಂತಿ. ಆಮೇಲೆ ಉಳಿಯನ್ನು ಹಿಡಿಯುತ್ತಾನೆ. ಮೂರ್ತಿಯ ಕಣ್ಣನ್ನು ತೆರೆಯುವ ಕೊನೆಯ ಗೆರೆಯನ್ನು ವಿಧಿಪೂರ್ವಕವಾಗಿ ಅವನ ಕೈಯೇ ಎಳೆಯಬೇಕು. ಇಲ್ಲಿ ಯಂತ್ರವು ಆಳು, ಕೈಯು ಒಡೆಯ. ಇದಕ್ಕೆ ಮರುಕವೇಕೆ? ಆದರೆ ಇಡೀ ಮೂರ್ತಿಯನ್ನೇ ಯಂತ್ರವು ಅಚ್ಚಿನಂತೆ ಕೆತ್ತಿ ಕಳಿಸಿ, ಶಿಲ್ಪಿಯು ಅದರ ದೂಳನ್ನು ಒರೆಸುವ ಕೂಲಿಯಾದರೆ ಒಡೆತನವು ತಿರುಗಿತು. ಆ ದೂಳಾದರೂ ಅವನ ಶ್ವಾಸಕೋಶವನ್ನೇ ಸೇರುವುದು. ಕಲ್ಲನ್ನು ಕೊಯ್ಯುವಾಗ ನೀರನ್ನು ಬಿಟ್ಟು ದೂಳನ್ನು ತಗ್ಗಿಸದ ಕಡೆ ಎಳೆಯ ಪ್ರಾಯದವರೇ ಕೆಮ್ಮಿ ಕೆಮ್ಮಿ ಬಡವಾಗುವರು. ದೇವರಿಗೆ ಕಟ್ಟಿದ ಗೋಪುರದ ಲೆಕ್ಕದಲ್ಲಿ ಆ ನೀರಿನ ಖರ್ಚನ್ನೂ ಸೇರಿಸುವುದು ಅರ್ಚನೆಯ ಒಂದು ಅಂಗವೇ ಸರಿ. ಗಾಂಧೀಜಿಯವರು 1924ರಲ್ಲಿ, ತಮ್ಮ ವಿರೋಧವು ಯಂತ್ರಕ್ಕಲ್ಲ, ಯಂತ್ರದ ಹುಚ್ಚಿಗೆಂದು ವಿವರಿಸಿ, ಹೊಲಿಗೆಯ ಯಂತ್ರವನ್ನು ಒಪ್ಪಿಕೊಂಡಿದ್ದರು. ಹೆಂಡತಿಯು ಕೈಯಿಂದ ಹೊಲಿಯುವ ಬೇಸರವನ್ನು ಕಂಡು ಪ್ರೀತಿಯಿಂದ ಗಂಡನು ಮಾಡಿದ ಸಾಧನವದು ಎಂಬುದು ಅವರು ಕೊಟ್ಟ ಕಾರಣ. ಆಳಾಗಿ ಬಂದ ಯಂತ್ರಕ್ಕೂ ಒಡೆಯನಾಗಿ ಬಂದ ಯಂತ್ರಕ್ಕೂ ಇರುವ ಭೇದವು ಆ ಒಂದು ಕಾರಣದಲ್ಲಿ ಸ್ಪಷ್ಟವಾಗುವುದು.

ಋಣವನ್ನು ತೀರಿಸುವ ಬಗೆಯನ್ನು ಸರಕಾರವೂ ಅಷ್ಟಿಷ್ಟು ಯೋಚಿಸಿದೆ. 1985ರಲ್ಲಿ ಭಾರತ ಸರಕಾರವು ಒಂದು ಕಾಯಿದೆಯನ್ನು ಮಾಡಿ, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕೆಂದು ಕಾದಿರಿಸಿತು. ಮೊದಲು 22 ಬಗೆಗಳಿದ್ದವು, ಆಮೇಲೆ ಅವು 11ಕ್ಕೆ ಇಳಿದವು. ಬೇಲಿಯನ್ನು ಹಾಕಿದರೂ ಕಾಯುವವರಿಲ್ಲದ ಹೊಲದಂತಾಯಿತು ಅದರ ಗತಿ. 2009-10ರ ಕೈಮಗ್ಗದ ಗಣತಿಯಲ್ಲಿ ದೇಶದಾದ್ಯಂತ 43 ಲಕ್ಷಕ್ಕೆ ಮೇಲ್ಪಟ್ಟು ನೇಕಾರರೂ ಸಹಾಯಕರೂ ಇದ್ದರು. 2019-20ರ ಗಣತಿಯಲ್ಲಿ ಅವರ ಸಂಖ್ಯೆ 35 ಲಕ್ಷಕ್ಕೆ ಬಂದಿತು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು. ಕಂಡಿಕೆಯನ್ನು ಸುತ್ತುತ್ತಿದ್ದವರ ಕೈಗೇ ಈಗ ಮಗ್ಗವೂ ಬಂದಿದೆ. ಗಂಡಸರು ಹೆಚ್ಚು ಕೂಲಿಯನ್ನು ಅರಸಿ ಹೊರಗೆ ಹೋದ ಮನೆಗಳಲ್ಲಿ ಕಸುಬಿನ ದೀಪವನ್ನು ಉಳಿಸಿಕೊಂಡವರು ಇವರು. ಇದರಲ್ಲಿ ಹೆಮ್ಮೆಯೆಷ್ಟು, ಬೇರೆ ಗತಿಯಿಲ್ಲದಿರುವಿಕೆ ಎಷ್ಟು ಎಂಬುದನ್ನು ಅವರನ್ನೇ ಕೇಳಬೇಕು.

ಕಾದಿರಿಸುವುದಕ್ಕಿಂತ ಮಿಗಿಲಾದ ನ್ಯಾಯವೊಂದಿದೆ. ಯಾವ ಕೈಯನ್ನು ಯಂತ್ರವು ಬರಿದುಮಾಡುವುದೋ ಆ ಕೈಗೇ ಯಂತ್ರದ ಮೊದಲ ಹಕ್ಕು ಸೇರಬೇಕು. ಹತ್ತು ಮಂದಿ ನೇಕಾರರ ಓಣಿಗೆ ಹೊಸ ಮಗ್ಗವು ಬರುವುದಾದರೆ, ಆ ಹತ್ತು ಮಂದಿಯೇ ಕೂಡಿ ಅದರ ಒಡೆಯರಾಗುವಂತೆ ಸಾಲವೂ ಶಿಕ್ಷಣವೂ ದೊರೆಯಬೇಕು. ಐವತ್ತು ದಾಟಿ ಹೊಸದನ್ನು ಕಲಿಯಲಾರದವನಿಗೆ ಅವನ ಪಾಲು ಮನೆಗೆ ಮುಟ್ಟಬೇಕು. ಇದು ಖರ್ಚಿನ ಮಾತು, ನಿಧಾನದ ಮಾತು. ಒಂದು ಗುಡಿಯ ಜೀರ್ಣೋದ್ಧಾರಕ್ಕೆ ಊರು ವರುಷಗಟ್ಟಲೆ ಪಟ್ಟಿಯನ್ನು ಎತ್ತುವುದು, ಯಾರೂ ಬೇಸರಪಡುವುದಿಲ್ಲ. ಜೀರ್ಣವಾದ ಬದುಕಿಗೆ ಪಟ್ಟಿಯನ್ನು ಎತ್ತುವ ಪದ್ಧತಿಯು ಏಕೆ ಬೆಳೆಯಲಿಲ್ಲವೋ, ವಿಚಾರಮಾಡತಕ್ಕದ್ದು. ದಾಸಿಮಯ್ಯನ ಕಥೆಗೆ ಇನ್ನೊಂದು ತುಣುಕಿದೆ. ತವನಿಧಿಯು ತನ್ನದೆಂಬ ಗರ್ವವು ಒಮ್ಮೆ ಅವನ ಮನಸ್ಸಿಗೆ ಬಂದಾಗ, ಬರಿದಾಗದ ಆ ನಿಧಿಯೂ ಬರಿದಾಯಿತಂತೆ.

ಇದೆಲ್ಲ ದೊಡ್ಡವರ ಕೈಯಲ್ಲಿರುವ ಸಂಗತಿಯೆಂದು ಹಳ್ಳಿಯ ಭಕ್ತರು ಸುಮ್ಮನಾಗಬೇಕಾಗಿಲ್ಲ. ಅವರ ಕೈಗೆ ಎಟಕುವ ಒಂದು ಚಿಕ್ಕ ಸಂಗತಿಯಿದೆ. ಈ ಸೀಮೆಯ ಹೆಣ್ಣುಮಕ್ಕಳಿಗೆ ಇಳಕಲ್ಲು ಸೀರೆಯೆಂದರೆ ತವರಿನಷ್ಟೇ ಪ್ರೀತಿ. ಆ ಸೀರೆಯ ಮೈ ಹತ್ತಿಯ ಹಾಸಿನದು, ಸೆರಗು ರೇಷ್ಮೆಯ ಹಾಸಿನದು. ಎರಡು ಹಾಸುಗಳ ಎಳೆಎಳೆಯನ್ನೂ ಒಂದರೊಳಗೊಂದು ಕುಣಿಕೆಯಾಗಿ ಹೆಣೆದು ಜೋಡಿಸುವರು. ಅದಕ್ಕೆ ಕೊಂಡಿಯೆಂದು ಹೆಸರು. ನೂರಾರು ಎಳೆಗಳನ್ನು ಹಾಗೆ ಕೂಡಿಸಲು ಕಣ್ಣೂ ಬೆರಳೂ ತಾಳ್ಮೆಯೂ ಬೇಕು. ವಿದ್ಯುತ್ ಮಗ್ಗದ ಅನುಕರಣೆಯಲ್ಲಿ ಸಾಮಾನ್ಯವಾಗಿ ಈ ಕೊಂಡಿಯಿರುವುದಿಲ್ಲ. ಹಾಗೆಂದು ಅನುಕರಣೆಯನ್ನು ಕೊಳ್ಳುವುದು ಪಾಪವಲ್ಲ. ದಿನದ ಉಡುಗೆಗೆ ಬಡವರು ಅದನ್ನೇ ಉಡಲಿ. ಪಾಪವಿರುವುದು ಅದನ್ನು ಕೈಮಗ್ಗದ್ದೆಂದು ಹೇಳಿ, ಅರ್ಧ ಬೆಲೆಗೆ ಕೊಟ್ಟು, ಮುಂದಿನ ಸಲ ನಿಜವಾದ ನೇಕಾರನು ತನ್ನ ಬೆಲೆಯನ್ನು ಹೇಳಿದಾಗ ಅವನನ್ನೇ ಸುಲಿಗೆಗಾರನೆನಿಸುವುದರಲ್ಲಿ.

ಮಗಳ ಮದುವೆಗೋ ದೇವಿಯ ಉಡಿಗೋ ಸೀರೆಯನ್ನು ಕೊಳ್ಳಲು ಬಂದ ಅಕ್ಕಲಕೋಟೆಯ ಕಡೆಯ ಮುದುಕಿಯು ಬಣ್ಣವನ್ನು ನೋಡುವ ಮೊದಲು ಸೆರಗು ಮೈಗೆ ಕೂಡುವ ಜಾಗವನ್ನು ಹಿಡಿದು, ಹಿಂದುಗಡೆಗೆ ತಿರುವಿ, ಉಗುರಿನಿಂದ ಕೊಂಡಿಯನ್ನು ತಡವುವಳು. ಅವಳಿಗೆ ಓದು ಬಾರದು; ಆದರೆ ಅಂಗಡಿಯವನು ಆ ಬೆರಳನ್ನೇ ನೋಡುತ್ತ ಸುಳ್ಳನ್ನು ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆಯುವನು. “ಇದು ಕೈಮಗ್ಗದ್ದಲ್ಲ, ತಾಯೀ, ಕೈಮಗ್ಗದ್ದು ಒಳಗಿದೆ, ಬೆಲೆ ಮಾತ್ರ ಹೆಚ್ಚು” ಎಂದು ಅವನು ಹೇಳಿದನೆಂದರೆ, ದೂರದ ಇಳಕಲ್ಲಿನಲ್ಲಿ ಕುಣಿಯೊಳಗೆ ಕಾಲಿಟ್ಟು ಕುಳಿತ ಯಾವನೋ ಒಬ್ಬ ನೇಕಾರನಿಗೆ ಆ ವಾರದ ಕೂಲಿಯು ಉಳಿಯಿತು.